ಗೈಡಿಗೆ ಮಾತ್ರ ಕಂಡದ್ದು

ಗಾಜಿನ ಮೇಜಿನ ಮೇಲೆ ಸಾಲಾಗಿ ಇಟ್ಟ ಐದು ಪುಟ್ಟ ದುರ್ಬೀನುಗಳಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ಎಲಿಸೆಯೊ ತಿಪಾನ್ ಬಸ್ಸಿನಲ್ಲಿ ಬರುವಾಗಲೇ ನಿಶ್ಚಯಿಸಿಕೊಂಡಿದ್ದ: ಎಲ್ಲಕ್ಕಿಂತ ಕೆಟ್ಟದ್ದನ್ನು. ಕೆಟ್ಟದ್ದು ಯಾವುದೆಂದು ಅರಿಯುವುದಕ್ಕೂ ಕಣ್ಣು ಬೇಕೆಂಬ ಸಣ್ಣ ಸಂಗತಿ ಮಾತ್ರ ಅವನಿಗೆ ಈಗ, ಕೀತೊ ನಗರದ ಈ ಮೂರನೆಯ ಮಹಡಿಯ ಅಂಗಡಿಯಲ್ಲಿ ನಿಂತ ಮೇಲೆಯೇ ಹೊಳೆದದ್ದು. ಐದೂ ಕಪ್ಪಾಗಿ, ಮಡಿಸಿಟ್ಟ ಬಾವಲಿಗಳ ಹಾಗೆ ಮಲಗಿದ್ದವು. ನೇರವಾಗಿ ನೋಡಿದರೆ ನಡುವಿನದು ಮಾಯವಾಗುತ್ತಿತ್ತು. ನೋಟವನ್ನು ಬಲಕ್ಕೆ ಸರಿಸಿದರೆ ನಡುವಿನದು ಬಂದು ಬಲದ್ದು ಹೋಗುತ್ತಿತ್ತು. ಕಳೆದ ಕೆಲವು ತಿಂಗಳಿಂದ ಅವನ ಲೋಕದ ನಿಯಮವೇ ಹೀಗಾಗಿತ್ತು: ನೋಡಿದ್ದು ಕಾಣದು, ನೋಡದೆ ಬಿಟ್ಟದ್ದು ಕಾಣುತ್ತದೆ. ಅಂಗಡಿಯ ಅಂಪಾರೊ, ಗಡಿಯಾರ ರಿಪೇರಿಯವನ ವಿಧವೆ, ಮೆತ್ತನೆಯ ಬಟ್ಟೆಯೊಂದನ್ನು ಬೆರಳಿಗೆ ಸುತ್ತಿಕೊಂಡು ಕಾಯುತ್ತಿದ್ದಳು. ಮೂವತ್ತೊಂದು ವರ್ಷ ಹಕ್ಕಿ ತೋರಿಸುವುದನ್ನೇ ಉದ್ಯೋಗ ಮಾಡಿಕೊಂಡ ಗಿರಾಕಿಯ ಮುಂದೆ ತಾನಾಗಿ ಏನನ್ನೂ ಹೇಳಬಾರದೆಂಬ ಮರ್ಯಾದೆ ಅವಳ ಆ ಮೌನದಲ್ಲಿತ್ತು. ಅದೇ ಅವನಿಗೆ ಭಾರವಾಯಿತು.

"ಕತ್ತು ನೋವಂತೆ," ಎಂದಳು ಮಗಳು ನಿಯೆವೆಸ್, ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ. "ಆ ಕಲ್ಲನ್ನ ಅಷ್ಟು ವರ್ಷ ಎದೆ ಮೇಲೆ ಕಟ್ಕೊಂಡು ತಿರುಗಿದ್ರೆ ಇನ್ನೇನಾಗುತ್ತೆ. ಹಗುರವಾದ್ದು ಕೊಡಿ ಸೆನ್ಯೋರ. ಆದ್ರೆ ಅಗ್ಗದ್ದು ಬೇಡ. ಅಗ್ಗದ್ದೇ ಸಾಕು ಅಂತಾರೆ ಇವ್ರು, ಕೇಳ್ಬೇಡಿ."

"ಎರಡನೇ ದುರ್ಬೀನು ಅಂದ್ರೆ ಎರಡನೇ ಹೆಂಡ್ತಿ ಇದ್ದ ಹಾಗೆ, ಡಾನ್ ಎಲಿಸೆಯೊ," ಎಂದು ಅಂಪಾರೊ ನಕ್ಕಳು. "ಮೊದಲನೆಯವಳ ಹತ್ರ ಕೇಳಿದಷ್ಟೆಲ್ಲ ಇವಳ ಹತ್ರ ಕೇಳ್ಬಾರ್ದು. ಜೇಬಲ್ಲಿ ತಕರಾರಿಲ್ಲದೆ ಇದ್ರೆ ಸಾಕು."

"ಅಮ್ಮನೇ ಇವ್ರ ಹತ್ರ ಏನೂ ಕೇಳ್ತಿರ್ಲಿಲ್ಲ," ಎಂದಳು ನಿಯೆವೆಸ್. "ಹಕ್ಕಿಗಳು ಉಳಿಸಿದ್ದಷ್ಟನ್ನ ತಗೋತಿದ್ಳು."

ಅವನೂ ನಕ್ಕ. ಎದೆಯ ಮೇಲಿನ ದೊಡ್ಡ ದುರ್ಬೀನು ನಗುವಿನೊಂದಿಗೆ ಏರಿ ಇಳಿಯಿತು. ಕತ್ತು ನೋಯುತ್ತಿರಲಿಲ್ಲ. ಆ ಭಾರ ಅವನಿಗೆ ತನ್ನ ಹಸ್ತದಷ್ಟೇ ಪರಿಚಿತವಾಗಿತ್ತು. ಮಲಗುವಾಗ ಅದನ್ನು ತೆಗೆದಿಟ್ಟರೆ ಎದೆಯೊಳಗೆ ಗಾಳಿ ಹೊಕ್ಕಂತೆ ಬರಿದೆನಿಸುತ್ತಿತ್ತು. ಅದರ ದೋಷವೆಂದರೆ ಅದು ತೀರ ಒಳ್ಳೆಯದು ಎಂಬುದೇ. ಅದನ್ನು ಕಣ್ಣಿಗೆ ಹಿಡಿದವನು ಕಾಣಲಿಲ್ಲ ಎನ್ನುವ ಹಾಗಿರಲಿಲ್ಲ. ತನ್ನೂರು ಲಾ ಎಸ್ಪೆರದ ಕಾಡಿನಲ್ಲಿ, ಹಗಲಿನಲ್ಲೂ ಮುಸ್ಸಂಜೆಯಂತಿರುವ ಆ ಪಾಚಿಗಟ್ಟಿದ ಕೊಂಬೆಗಳ ಸಂದಿನಲ್ಲಿ, ಅಗಲವಾದ ಗಾಜು ಎಷ್ಟೇ ಬಡಕಲು ಬೆಳಕನ್ನೂ ಬಾಚಿ ತಂದು ಕಣ್ಣಿಗೆ ಸುರಿಯುತ್ತಿತ್ತು. ಚಿಕ್ಕದು ಹಾಗಲ್ಲ. ಚಿಕ್ಕದರ ಗಾಜು ಬೊಟ್ಟಿನಷ್ಟು, ಅದು ತರುವ ಬೆಳಕು ಚಿಟಿಕೆಯಷ್ಟು. ಹಗುರವಾದ್ದರಿಂದ ನಾಡಿ ಬಡಿದರೂ ನಡುಗುತ್ತದೆ. ಕಣ್ಣು ಕೂದಲೆಳೆಯಷ್ಟು ಆಚೀಚೆಯಾದರೆ ಕಪ್ಪು ತೆರೆ ಬೀಳುತ್ತದೆ. ಊರಿನ ಹೊಸ ಗೈಡುಗಳಿಗೆ ಇದನ್ನೆಲ್ಲ ಬೋಧಿಸಿದವನು ಅವನೇ. ಚಿಕ್ಕ ದುರ್ಬೀನು ಹಿಡಿದು ಕಾಡಿಗೆ ಬಂದವರನ್ನು ನೋಡಿ, "ಏನು, ಒಪೆರಾಕ್ಕೆ ಹೊರಟ್ರಾ?" ಎಂದು ಅಣಕಿಸಿದವನೂ ಅವನೇ. ಈಗ ಅವನಿಗೆ ಬೇಕಾದದ್ದು ಆ ಕಪ್ಪು ತೆರೆಯೇ. ಇನ್ನು ಮುಂದೆ ಯಾರಾದರೂ, ಡಾನ್ ಎಲಿಸೆಯೊ, ಕೊಂಬೆಯ ತುದಿಯಲ್ಲಿರುವುದು ಯಾವ ಹಕ್ಕಿ ಎಂದು ಕೇಳಿದರೆ, ಅದನ್ನು ಎತ್ತಿ ಹಿಡಿದು, ಕ್ಷಣ ಸುಮ್ಮನಿದ್ದು, ಈ ಚಿಕ್ಕದರಲ್ಲಿ ಸ್ಪಷ್ಟವಾಗಲಿಲ್ಲ ಎನ್ನಬಹುದು. ಕಣ್ಣಿನ ತಪ್ಪನ್ನು ಗಾಜಿಗೆ ದಾಟಿಸಬಹುದು. ಅದಕ್ಕಾಗಿ ಮಗಳು ತನ್ನ ಔಷಧಿ ಅಂಗಡಿಯ ಕೆಲಸಕ್ಕೆ ಒಂದು ದಿನ ರಜೆ ಹಾಕಿದ್ದಳು.

ಮೊದಲು ಬಾಗಿಲು ಸೊಟ್ಟಗಾಗಿತ್ತು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು. ಬೆಳಗ್ಗೆ ಎದ್ದು ಕೂತವನಿಗೆ ಕೋಣೆಯ ಬಾಗಿಲ ಚೌಕಟ್ಟು ನಡುವಿನಲ್ಲಿ ಬಾಗಿದಂತೆ, ಯಾರೋ ಮೊಣಕಾಲಿನಿಂದ ಒತ್ತಿದಂತೆ ಕಂಡಿತು. ತೇವಕ್ಕೆ ಮರ ಉಬ್ಬಿತೆಂದು ಬಡಗಿಯನ್ನು ಕರೆಸಿ ಗದರಿದ್ದ. ಹಸಿಮರ ಹಾಕಿ ಮೋಸ ಮಾಡಿದ್ದೀಯೆ ಎಂದಿದ್ದ. ಬಡಗಿ ಜೇಬಿನಿಂದ ತೂಗುಗುಂಡು ತೆಗೆದು ಚೌಕಟ್ಟಿನ ಪಕ್ಕ ಇಳಿಬಿಟ್ಟ. ದಾರ ಮರದ ಅಂಚಿಗೆ ಕೂದಲಷ್ಟೂ ಬಿಡದೆ ನಿಂತಿತಂತೆ; ಎಲಿಸೆಯೊನಿಗೆ ದಾರವೂ ಬಾಗಿ ಕಂಡಿತು. "ನೆಟ್ಟಗಿದೆ, ಡಾನ್," ಎಂದು ಬಡಗಿ ಗುಂಡನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಹೊರಟುಹೋದ. ಆ ಸುತ್ತುವ ನಿಧಾನವನ್ನು, ಅದರಲ್ಲಿದ್ದ ಕ್ಷಮೆಯನ್ನು ಅವನು ಇಂದಿಗೂ ಕ್ಷಮಿಸಿಲ್ಲ. ಆಮೇಲೆ ಬಲಗಣ್ಣಿನ ನಡುವೆ ಕಾಫಿಯ ಹನಿ ಬಿದ್ದಂಥ ಕಲೆ. ಅದು ಹರಡಿತು. ಹರಡಿ ನಿಂತ ಮೇಲೆ ಎಡಗಣ್ಣಿನಲ್ಲೂ ಒಂದು ಹನಿ ಬಿತ್ತು.

"ಇದು ನೋಡಿ," ಎಂದು ಅಂಪಾರೊ ಒಂದನ್ನು ಅವನ ಅಂಗೈಗೆ ಇಟ್ಟಳು. ಎಷ್ಟು ಹಗುರ. ಮರಿಹಕ್ಕಿಯೊಂದು ಗೂಡಿನಿಂದ ಬಿದ್ದು ಕೈಗೆ ಬಂದಂತಿತ್ತು. ಕಿಟಕಿಯ ಬಳಿ ನಿಂತರೆ ಚೌಕದಾಚೆ ಚರ್ಚಿನ ಗೋಪುರ, ಅದರಲ್ಲಿ ಗಡಿಯಾರ. ಆ ಅಂಗಡಿಯಲ್ಲಿ ದುರ್ಬೀನು ಕೊಳ್ಳುವವರೆಲ್ಲ ಆ ಗಡಿಯಾರದ ಅಂಕಿಗಳ ಮೇಲೆಯೇ ಗಾಜನ್ನು ಪರೀಕ್ಷಿಸುವುದು ವಾಡಿಕೆ. ಅವನ ದೊಡ್ಡ ದುರ್ಬೀನನ್ನೂ, ಅಂಪಾರೊಳ ಗಂಡ ಬದುಕಿದ್ದಾಗ, ಇದೇ ಕಿಟಕಿಯಲ್ಲಿ ನಿಂತು ಆರಿಸಿದ್ದ. ಅಂದು ಗಡಿಯಾರದ ಮುಳ್ಳಿನ ಮೇಲೆ ಕೂತ ಪಾರಿವಾಳದ ಕಾಲಿನ ಉಂಗುರವನ್ನು ಓದಿ ಹೇಳಿ ಅಂಗಡಿಯವನನ್ನು ಬೆರಗುಗೊಳಿಸಿದ್ದ. ಈಗ ಎರಡು ಕೊಳವೆಗಳನ್ನು ಬಿಡಿಸಿ ಮೂಗಿಗೆ ಸರಿಹೊಂದಿಸಿಕೊಂಡು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸಿದ. ಅಭ್ಯಾಸದ ಕೈಗಳು ಎಲ್ಲವನ್ನೂ ಸರಿಯಾಗಿಯೇ ಮಾಡಿದವು. ಬೂದುಬಣ್ಣದ ಒಂದು ತೇಲುವ ವೃತ್ತ ಬಂತು. ಅದರ ಅಂಚಿನಲ್ಲಿ ಕಲ್ಲಿನ ತುಣುಕು, ಆಕಾಶ. ನಡುವೆ ಎಂದಿನ ಮಸಿ. ತಿರುಗಣೆಯನ್ನು ಅತ್ತಿತ್ತ ತಿರುಗಿಸಿದ, ಒಬ್ಬ ಕುಶಲಿ ತಿರುಗಿಸುವಷ್ಟೇ ಹೊತ್ತು. ಏನಾದರೂ ಹೇಳಬೇಕು. ಬೆನ್ನ ಹಿಂದೆ ಇಬ್ಬರು ಹೆಂಗಸರು ತನ್ನ ತೀರ್ಪಿಗೆ ಕಾಯುತ್ತಿದ್ದಾರೆ.

"ಪರವಾಗಿಲ್ಲ," ಎಂದ. "ಅಂಚಲ್ಲಿ ಸ್ವಲ್ಪ ಮೆತ್ತಗಿದೆ. ಆದ್ರೆ ಜೋಡಣೆ ಚೆನ್ನಾಗಿದೆ. ಎರಡು ಕಣ್ಣೂ ಸೇರಿ ಒಂದೇ ವೃತ್ತ ಆಗುತ್ತೆ ನೋಡು, ಅದೇ ಮುಖ್ಯ. ಅಗ್ಗದ್ದರಲ್ಲಿ ಒಂದು ಕಣ್ಣು ಮೇಲೆ, ಒಂದು ಕಣ್ಣು ಕೆಳಗೆ. ಇದರಲ್ಲಿ ಎರಡೂ ಒಂದಾಗಿ ಕೂರ್ತವೆ."

ಅವನು ಇನ್ನೂ ದುರ್ಬೀನನ್ನು ಹಿಡಿದೇ ಇದ್ದ. ಅಷ್ಟರಲ್ಲಿ ಸಾಬೂನಿನ ವಾಸನೆಯ ಮಗಳ ಕೈ ಅವನ ಮುಖದ ಮುಂದೆ ಬಂದು, ಬಲಗಡೆಯ ಕೊಳವೆಯ ತುದಿಯಿಂದ ಏನನ್ನೋ ಸದ್ದಿಲ್ಲದೆ ಕಿತ್ತುಕೊಂಡಿತು. ಗಾಜಿನ ಮೇಜಿನ ಮೇಲೆ ಟಿಕ್ ಎಂದು ರಬ್ಬರಿನ ಮುಚ್ಚಳವನ್ನು ಇಟ್ಟ ಸದ್ದಾಯಿತು. ಗುಂಡಿಯಷ್ಟು ಗಾತ್ರದ, ಕಪ್ಪು ಮುಚ್ಚಳ. ಬಲಗಣ್ಣಿನ ಕೊಳವೆಗೆ ಅಷ್ಟು ಹೊತ್ತೂ ಬೆಳಕೇ ಹೋಗಿರಲಿಲ್ಲ; ಮುಚ್ಚಳ ತೆಗೆದ ಮೇಲೂ ಅವನಿಗೆ ಏನೂ ವ್ಯತ್ಯಾಸವಾಗಲಿಲ್ಲ. ವ್ಯತ್ಯಾಸವಾದದ್ದು ಕೋಣೆಯಲ್ಲಿ. ಅಂಪಾರೊ ಕೆಮ್ಮಿದಳು. ಆ ಕೆಮ್ಮಿನಲ್ಲಿ ಬಡಗಿ ತೂಗುಗುಂಡಿನ ದಾರ ಸುತ್ತಿದ ನಿಧಾನವೇ ಇತ್ತು.

"ಇದನ್ನೇ ಕಟ್ಟಿಕೊಡಿ," ಎಂದಳು ನಿಯೆವೆಸ್. ಉಳಿದ ನಾಲ್ಕನ್ನು ಪರೀಕ್ಷಿಸುವ ಮಾತೇ ಬರಲಿಲ್ಲ.

ಮೆಟ್ಟಿಲಿಳಿಯುವಾಗ ಅವಳು ಅವನ ಮುಂದೆ ನಡೆದಳು. ಯಾವಾಗಲೂ ಹಿಂದೆ ಬರುವವಳು ಈಗ ಮುಂದೆ, ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ಕೊಂಚ ಜೋರಾಗಿಯೇ ತುಳಿಯುತ್ತ, ಸದ್ದಿನ ಜಾಡನ್ನು ಬಿಡುತ್ತ. ಅದು ಕರುಣೆಯೋ ಕೋಪವೋ ಎಂದು ತಿಳಿಯಲು ಅವಳ ಮುಖ ಬೇಕಿತ್ತು. ಮುಖಗಳೇ ಎಲ್ಲಕ್ಕಿಂತ ಮೊದಲು ಹೋಗಿದ್ದವು. ಬಸ್ ನಿಲ್ದಾಣದಲ್ಲಿ ಎಲೆಯಲ್ಲಿ ಸುತ್ತಿ ಬೇಯಿಸಿದ ಜೋಳದ ಉಮಿತ ಕೊಂಡು, ಅವನದನ್ನು ತಾನೇ ಬಿಡಿಸಿ ಕೈಗಿಟ್ಟಳು. ಅವನಿಗೆ ಬಿಡಿಸಲು ಬರುತ್ತಿತ್ತು.

ಬಸ್ಸು ಕಣಿವೆಗೆ ಇಳಿಯತೊಡಗಿದಾಗ ಮಂಜು ಗಾಜಿಗೆ ಅಂಟಿಕೊಂಡಿತು. ಅವನಿಗೆ ಮಂಜು ಇಷ್ಟವಾಗಿತ್ತು. ಮಂಜಿನಲ್ಲಿ ಎಲ್ಲರೂ ಸಮಾನರು. ಅಂದೂ ಮಂಜಿತ್ತು. ಜುಲೈ ತಿಂಗಳು. ಚಿಲಿ ದೇಶದ ನಿವೃತ್ತ ಸ್ಟೇಷನ್ ಮಾಸ್ತರ ಡಾನ್ ಅನ್ಸೆಲ್ಮೊ, ಒಂಬೈನೂರ ತೊಂಬತ್ತೊಂಬತ್ತು ಹಕ್ಕಿಗಳನ್ನು ಕಂಡು ಬರೆದಿಟ್ಟುಕೊಂಡ ಮುದುಕ, ಸಾವಿರದ ಹಕ್ಕಿ ಕೊಡೆಹಕ್ಕಿಯೇ ಆಗಬೇಕೆಂದು ಊರುಗೋಲಿನೊಂದಿಗೆ ಅವನ ಕಾಡಿಗೆ ಬಂದಿದ್ದ. ಕಾಗೆಗಿಂತ ದೊಡ್ಡದು, ಮಸಿಯಷ್ಟು ಕಪ್ಪು, ತಲೆಯ ಮೇಲೆ ಬಿಚ್ಚಿದ ಕೊಡೆಯಂಥ ತುರಾಯಿ. ಕೂಗಿದರೆ ಎಲ್ಲೋ ಬಹಳ ದೂರದಲ್ಲಿ ಹಸು ಕರುವನ್ನು ನೆನೆದಂತೆ ಒಂದು ಆಳವಾದ ದನಿ. ಮುದುಕನ ಜೊತೆ ಅವನ ಹೆಂಡತಿ ಡೋನ್ಯ ಓರ್ತೆನ್ಸಿಯ. ಅವಳಿಗೆ ಹಕ್ಕಿಗಳಲ್ಲಿ ಆಸಕ್ತಿಯಿರಲಿಲ್ಲ, ಗಂಡನಲ್ಲಿ ಇತ್ತು. ಕೈಚೀಲದಲ್ಲಿ ಬಾಚಣಿಗೆ, ಮಾತ್ರೆಗಳ ನಡುವೆ ಒಂದು ಮಡಿಸುವ ಪುಟ್ಟ ದುರ್ಬೀನನ್ನು ಇಟ್ಟುಕೊಂಡಿದ್ದಳು. ಕಾಡಿನ ತಿರುವಿನಲ್ಲಿ ದನಿ ಕೇಳಿಸಿತು. ಹತ್ತಿರ, ತಲೆಯ ಮೇಲೆಯೇ ಎನ್ನುವಷ್ಟು ಹತ್ತಿರ. ಎಲಿಸೆಯೊ ದೊಡ್ಡ ದುರ್ಬೀನನ್ನು ಎತ್ತಿದ. ನಡುವೆ ಕಪ್ಪಿತ್ತು. ಕಪ್ಪು ಅವನ ಕಣ್ಣಿನೊಳಗಿನದೋ ಕೊಂಬೆಯ ಮೇಲಿನದೋ ಎಂದು ಪ್ರತ್ಯೇಕಿಸಲು ಅವನಿಗೆ ಸಾಧ್ಯವಿರಲಿಲ್ಲ. ಸಾಧ್ಯವಿಲ್ಲವೆಂದು ಆ ಗಳಿಗೆಯಲ್ಲಿ ಪೂರ್ತಿ ಗೊತ್ತಿತ್ತು. ಈ ಗೊತ್ತಿತ್ತು ಎಂಬುದನ್ನೇ ಅವನು ಆಮೇಲೆ ಎಷ್ಟೋ ಸಲ ಗೊತ್ತಿರಲಿಲ್ಲ ಎಂದು ತಿದ್ದಲು ನೋಡಿ ಸೋತದ್ದು.

"ಅಲ್ಲಿ," ಎಂದಿದ್ದ. "ಪಾಚಿ ಜೋತಿರೋ ಕೊಂಬೆ, ಅದರ ಎಡಕ್ಕೆ. ಕೂತಿದೆ. ಬೆನ್ನು ನಮ್ಮ ಕಡೆ."

"ಎಲ್ಲಿ? ನನಗೆ ಸಿಕ್ತಿಲ್ಲ," ಎಂದ ಡಾನ್ ಅನ್ಸೆಲ್ಮೊ. ಅವನ ದನಿಯಲ್ಲಿ ರೈಲು ತಪ್ಪಿಸಿಕೊಳ್ಳುವವನ ಆತಂಕ. "ಎಲ್ಲಿ, ಡಾನ್ ಎಲಿಸೆಯೊ?"

"ಎಡಕ್ಕೆ, ಇನ್ನೂ ಎಡಕ್ಕೆ. ಕಪ್ಪಗೆ, ದಪ್ಪಗೆ. ಈಗ ತಲೆ ತಿರುಗಿಸ್ತು."

ತಲೆ ತಿರುಗಿಸಿತು ಎಂಬ ಆ ಒಂದು ಮಾತು. ಅದರ ಅಗತ್ಯವಿರಲಿಲ್ಲ. ಇಲ್ಲದ ಹಕ್ಕಿಗೆ ಕುತ್ತಿಗೆ ಕೊಟ್ಟದ್ದು ಅದೇ ಮಾತು. ಮುದುಕ ಬಹಳ ಹೊತ್ತು ನೋಡಿದ. ಊರುಗೋಲು ಕೆಸರಿನಲ್ಲಿ ಇಳಿಯುತ್ತಿತ್ತು. ಕೊನೆಗೆ, ಮಿಕ್ಕಿಬ್ಬರು ಕಾಯುತ್ತಿದ್ದಾರೆಂಬ ನಾಚಿಕೆಗೆ, "ಹ್ಞಾ. ಹ್ಞಾ, ಕಂಡಿತು," ಎಂದ. ಇಬ್ಬರು ಗಂಡಸರು, ಇಬ್ಬರ ಕಣ್ಣೂ ಕೈಕೊಟ್ಟವು, ಒಬ್ಬರ ಮುಂದೊಬ್ಬರು ನಾಚಿ ಒಂದು ಹಕ್ಕಿಯನ್ನು ಹುಟ್ಟಿಸಿದರು. ಡೋನ್ಯ ಓರ್ತೆನ್ಸಿಯ ಕೈಚೀಲದಿಂದ ತನ್ನ ಪುಟ್ಟ ದುರ್ಬೀನು ತೆಗೆದು ಆ ಕೊಂಬೆಯನ್ನೇ ನೋಡಿದಳು. ಅವಳ ಕಣ್ಣು ನಲವತ್ತು ವರ್ಷ ದರ್ಜಿಯ ಕೆಲಸ ಮಾಡಿದ ಕಣ್ಣು. ದುರ್ಬೀನನ್ನು ಮಡಿಸಿ ಮತ್ತೆ ಕೈಚೀಲಕ್ಕೆ ಹಾಕಿಕೊಂಡಳು.

ಆ ಸಂಜೆ, ಗುಂಪುಗಳು ತಂಗುವ ಅವನ ಮನೆಯಲ್ಲಿ, ಸೂಪಿಗೆ ಮುಂಚೆ ಎಂದಿನಂತೆ ಪಟ್ಟಿ ಓದುವ ಹೊತ್ತು. ದಿನವಿಡೀ ಕಂಡ ಹಕ್ಕಿಗಳ ಹೆಸರನ್ನು ಗೈಡು ಒಂದೊಂದಾಗಿ ಓದಬೇಕು. ಪ್ರತಿ ಹೆಸರಿಗೂ ಸುತ್ತ ಕೂತವರು ಸರದಿಯಂತೆ ಕಂಡೆ, ಕೇಳಿದೆ, ಇಲ್ಲ ಎಂದು ಮೂರರಲ್ಲಿ ಒಂದನ್ನು ಹೇಳಬೇಕು. ಕೊನೆಯ ಸಾಲು ಗೈಡಿನದು. ಬೇರೆ ಯಾರಿಗೂ ಕಾಣದೆ ಅವನೊಬ್ಬನಿಗೆ ಕಂಡದ್ದಿದ್ದರೆ 'ಗೈಡಿಗೆ ಮಾತ್ರ ಕಂಡದ್ದು' ಎಂದು ಬರೆಯುತ್ತಾರೆ, ಮತ್ತು ಗೈಡಿಗೆ ಮಾತ್ರ ಕಾಣುವುದು ಹಕ್ಕಿಯಲ್ಲ, ದೇವದೂತರು ಎಂದು ಯಾರಾದರೊಬ್ಬರು ನಗಿಸುತ್ತಾರೆ. ಆ ಪಟ್ಟಿ ಸುಳ್ಳಾಡುವ ಜಾಗವಲ್ಲ. ಸಾಲದ ಮಾತಿನಲ್ಲಿ, ಹೆಂಗಸರ ಮಾತಿನಲ್ಲಿ, ಚುನಾವಣೆಯ ಮಾತಿನಲ್ಲಿ ಸುಳ್ಳು ಹೇಳುವ ಗೈಡುಗಳಿದ್ದಾರೆ. ಪಟ್ಟಿಯ ಮುಂದೆ ಅವರೂ ಟೋಪಿ ತೆಗೆದು ಕೂರುತ್ತಾರೆ. ಕೇಳಿದೆ ಎಂದಿದ್ದರೆ ಸಾಕಿತ್ತು. ಕೇಳಿದ್ದು ನಿಜ. ನಿಜಕ್ಕೂ ಸುಳ್ಳಿಗೂ ನಡುವೆ ಇದ್ದದ್ದು ಅಷ್ಟು ಸಣ್ಣ ಒಂದು ಪದ. ಆದರೆ ಡಾನ್ ಅನ್ಸೆಲ್ಮೊ ಕೇಳಿದ್ದನ್ನು ಎಣಿಸುವವನಲ್ಲ. "ಕೊಡೆಹಕ್ಕಿ," ಎಂದು ಎಲಿಸೆಯೊ ಓದಿದ. "ಕಂಡೆ," ಎಂದ ಮುದುಕ, ತಟ್ಟೆ ನೋಡುತ್ತ. "ಇಲ್ಲ," ಎಂದಳು ಅವನ ಹೆಂಡತಿ, ಎಲ್ಲರಿಗೂ ಕೇಳಿಸುವಂತೆ. "ಗೈಡು, ಕಂಡದ್ದು," ಎಂದು ಎಲಿಸೆಯೊ ತನ್ನ ಸಾಲಿನಲ್ಲಿ ಗುರುತು ಹಾಕಿದ. ಮರುದಿನ ಹೊರಡುವಾಗ ಡೋನ್ಯ ಓರ್ತೆನ್ಸಿಯ ಅವನ ಕೈ ಕುಲುಕಿ, "ನಿಮ್ಮ ದುರ್ಬೀನು ದೊಡ್ಡದು, ಡಾನ್ ಎಲಿಸೆಯೊ. ನಂದು ಚಿಕ್ಕದು ನೋಡಿ, ಅದರಲ್ಲಿ ಬರೀ ಪಾಚಿ ಕಾಣುತ್ತೆ," ಎಂದಳು. ನಗುತ್ತಲೇ ಎಂದಳು. ಚಿಕ್ಕದೊಂದು ಬೇಕೆಂಬ ಯೋಚನೆ ಅವನಲ್ಲಿ ಹುಟ್ಟಿದ್ದು ಆ ಕೈಕುಲುಕಿನಲ್ಲಿ. ಎರಡು ತಿಂಗಳ ಮೇಲೆ ಮುದುಕನಿಂದ ಪತ್ರ ಬಂತು: ನನ್ನ ಸಾವಿರದ ಹಕ್ಕಿಯನ್ನು ನಿಮ್ಮ ಕಣ್ಣಿನಿಂದ ಕಂಡೆ, ಋಣಿಯಾಗಿದ್ದೇನೆ. ನಿಯೆವೆಸ್ ಅದನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳಿ, ಹೆಮ್ಮೆಯಿಂದ ಚೌಕಟ್ಟು ಹಾಕಿಸಿ, ಊಟದ ಕೋಣೆಯ ಗೋಡೆಗೆ ಹೊಡೆದಳು.

"ಮುಚ್ಚಳ ಇತ್ತು, ಅಪ್ಪ," ಎಂದಳು ನಿಯೆವೆಸ್, ಬಸ್ಸಿನ ಸದ್ದಿನ ನಡುವೆ.

"ಯಾವ ಮುಚ್ಚಳ?"

"ಬಲಗಡೆದು."

"ಗೊತ್ತಿತ್ತು ನಂಗೆ. ಒಂದೊಂದೇ ಕಣ್ಣು ಪರೀಕ್ಷೆ ಮಾಡ್ತಿದ್ದೆ. ಹಾಗೇ ಮಾಡೋದು."

"ಎರಡೂ ಸೇರಿ ಒಂದೇ ವೃತ್ತ ಆಗುತ್ತೆ ಅಂತ ಹೇಳ್ದೆಯಲ್ಲ."

ಅವನು ಕಿಟಕಿಯ ಕಡೆ ತಿರುಗಿದ. ಮುಂದಿನ ಸೀಟಿನಲ್ಲಿ ಯಾರದೋ ಚೀಲದೊಳಗೆ ಕೋಳಿಯೊಂದು ಗೊಣಗುತ್ತಿತ್ತು. ಅದು ಕೋಳಿ, ಹೇಂಟೆ, ಬೆದರಿದೆ. ಅಷ್ಟು ಖಚಿತವಾಗಿ ಹೇಳಬಲ್ಲವನು ಮಗಳ ಮುಖದ ಬಗ್ಗೆ ಏನನ್ನೂ ಹೇಳಲಾರ.

"ನಾಳೆ ಗುಂಪಿದೆ," ಎಂದಳು ಅವಳು. "ಬೇಡ ಅಂತ ಫೋನ್ ಮಾಡ್ಲಾ?"

"ಕತ್ತು ನೋವು ಅಂತ ಯಾರಾದ್ರೂ ಗುಂಪು ಬಿಡ್ತಾರಾ?"

"ಕತ್ತು ನೋವಿಗೆ ಬಿಡಲ್ಲ," ಎಂದಳು ನಿಯೆವೆಸ್.

ಮರುದಿನದ ಗುಂಪು ನಾಲ್ವರದು: ಪೆರುವಿನ ಒಬ್ಬ ದಂತವೈದ್ಯ, ಅವನ ಹೆಂಡತಿ, ಹೆಂಡತಿಯ ಇಬ್ಬರು ಅಕ್ಕಂದಿರು. ನಿಯೆವೆಸ್ ಎರಡನೆಯ ದಿನವೂ ರಜೆ ಹಾಕಿ, ಅಡಿಗೆಯವಳಿಗೆ ಸಹಾಯ ಮಾಡುವೆನೆಂದು ಮನೆಯಲ್ಲೇ ಉಳಿದಳು. ಬೆಳಗ್ಗೆ ಅವನ ಟೋಪಿಯ ಪಕ್ಕದಲ್ಲಿ ಚಿಕ್ಕ ದುರ್ಬೀನನ್ನು ಇಟ್ಟಿದ್ದಳು, ಎರಡೂ ಮುಚ್ಚಳಗಳನ್ನು ತೆಗೆದು. ದೊಡ್ಡದು ಗೂಟದಲ್ಲಿ ನೇತಾಡುತ್ತಿತ್ತು. ಅವನು ಅದರ ಕೊರಳಪಟ್ಟಿಯನ್ನು ಒಮ್ಮೆ ಮುಟ್ಟಿ, ಚಿಕ್ಕದನ್ನು ಜೇಬಿಗೆ ಹಾಕಿಕೊಂಡು ಹೊರಟ. ದಾರಿ ಕಾಲಿಗೆ ಗೊತ್ತಿತ್ತು, ಹಕ್ಕಿಗಳು ಕಿವಿಗೆ ಗೊತ್ತಿದ್ದವು. ದನಿ ಕೇಳಿದ ಕಡೆ ಕೈ ತೋರಿಸುತ್ತಿದ್ದ, ಕಣ್ಣಿದ್ದವರು ಹುಡುಕಿಕೊಳ್ಳುತ್ತಿದ್ದರು, ಹುಡುಕಿಕೊಂಡು ಅವನನ್ನು ಹೊಗಳುತ್ತಿದ್ದರು. ಹೀಗೆಯೇ ಸಾಗಬಹುದಲ್ಲ ಎಂದು ಎರಡು ಗಂಟೆಗಳ ಕಾಲ ಅವನಿಗೆ ಅನಿಸಿತು. ಆ ಎರಡು ಗಂಟೆಗಳ ನೆಮ್ಮದಿಯೇ ಅವನಿಗೆ ಆಮೇಲೆ ಎಲ್ಲಕ್ಕಿಂತ ಅಸಹ್ಯವಾದದ್ದು.

ಡೊರೊತೇಯಳ ತಿರುವು ಬಂತು. ಡೊರೊತೇಯ ಒಂದು ಗ್ರಾಲಾರಿಯ: ಉದ್ದ ಕಾಲಿನ, ಬಾಲವೇ ಇಲ್ಲದ, ಕಾಲು ಮೂಡಿದ ಮೊಟ್ಟೆಯಂಥ ನೆಲದ ಹಕ್ಕಿ, ಕಾಡಿನಲ್ಲಿ ವರ್ಷಗಟ್ಟಲೆ ತಿರುಗಿದರೂ ಜನರಿಗೆ ಕಾಣದು. ಎಲಿಸೆಯೊ ಎಂಟು ತಿಂಗಳು ಪ್ರತಿ ಬೆಳಗ್ಗೆ ಅದೇ ಕಲ್ಲಿನ ಮೇಲೆ ಎರೆಹುಳು ಇಟ್ಟು, ದೂರ ಸರಿದು, ದಿನಕ್ಕೊಂದು ಹೆಜ್ಜೆಯಂತೆ ಹತ್ತಿರವಾಗಿ, ಅದನ್ನು ಕೂಗಿಗೆ ಬರುವಂತೆ ಮಾಡಿದ್ದ. ಹೆಂಡತಿ ಸತ್ತ ವರ್ಷ ಅದು, ಹೆಸರು ಅವಳದೇ. ಹುಳುವಿನ ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ತಟ್ಟಿದ. "ಬಾ ತಾಯಿ. ಬಾ ಡೊರೊತೇಯ. ನೆಂಟರು ಬಂದಿದಾರೆ, ಬಾ." ಒಣ ಎಲೆಯ ಮೇಲೆ ಹೆಜ್ಜೆ ಕೇಳಿಸಿತು: ಮೂರು ಕುಪ್ಪಳಿಕೆ, ನಿಲುಗಡೆ, ಮತ್ತೆ ಎರಡು. ಹಿಂದೆ ನಾಲ್ವರ ಉಸಿರು ಒಟ್ಟಿಗೆ ನಿಂತಿತು. ಬಂದಿದೆ. ಎರಡು ಮಾರು ದೂರದಲ್ಲಿ, ಬರಿಗಣ್ಣಿಗೆ ನಿಲುಕುವಂತೆ ಬಂದು ನಿಂತಿದೆ. ಅವನು ನೋಡಿದ, ನೋಡಿದ್ದರಿಂದಲೇ ಅದು ಹೋಯಿತು. ನೋಟ ಸರಿಸಿದ, ಕಂದು ಎಲೆಗಳ ನಡುವೆ ಕಂದಾದದ್ದೇನೋ ಅಲುಗಿತು, ಎಲೆಯೂ ಆಗಬಹುದಾಗಿತ್ತು. ಅವನ ಕೈ ತಾನಾಗಿ ಜೇಬಿಗೆ ಹೋಗಿ, ಚಿಕ್ಕ ದುರ್ಬೀನನ್ನು ಬಿಡಿಸಿ, ಕಣ್ಣಿಗೆ ಏರಿಸಿತು.

"ಅಷ್ಟು ಹತ್ತಿರ ಇರೋದಕ್ಕೆ ದುರ್ಬೀನು ಯಾಕೆ ಡಾನ್ ಎಲಿಸೆಯೊ?" ಎಂದು ದಂತವೈದ್ಯ ಪಿಸುಗುಟ್ಟಿದ. "ಅದರ ಹಲ್ಲು ಎಣಿಸ್ತಿದೀರಾ?"

ಹೆಂಗಸರು ಕಿಸಕ್ಕನೆ ನಕ್ಕರು. ಗಾಜಿನಲ್ಲಿ ಮಬ್ಬು. ಇಷ್ಟು ಸಮೀಪದ್ದನ್ನು ಈ ದುರ್ಬೀನು ಯಾರ ಕಣ್ಣಿಗೂ ಮಬ್ಬಾಗಿಯೇ ತೋರಿಸುತ್ತದೆ. ಇದು ಗಾಜಿನದೇ ತಪ್ಪು. ಇದಕ್ಕಾಗಿಯೇ ಅದನ್ನು ಕೊಂಡದ್ದು. ಕೊಂಡ ನೆಪ ಕೈಯಲ್ಲಿದ್ದೂ ಅದನ್ನು ಯಾರಿಗೆ ಹೇಳಬೇಕೆಂದು ತಿಳಿಯಲಿಲ್ಲ. ಅವನು ಕೆಳಗಿಳಿಸಿ, ಡಬ್ಬಿಯಿಂದ ಹುಳುವೊಂದನ್ನು ತೆಗೆದು ಹೆಜ್ಜೆ ಕೇಳಿದ ಕಡೆಗೆ ಮೆಲ್ಲಗೆ ಎಸೆದ.

"ಆ ಕಡೆ ಅಲ್ಲ," ಎಂದಳು ಅಕ್ಕಂದಿರಲ್ಲಿ ಹಿರಿಯಳು, ಮಕ್ಕಳಿಗೆ ಹೇಳುವಷ್ಟು ಮೃದುವಾಗಿ. "ನಿಮ್ಮ ಬೂಟಿನ ಹತ್ರ ಬಂದಿದೆ. ಕೆಳಗೆ ನೋಡಿ. ನಿಮ್ಮ ಮುಖಾನೇ ನೋಡ್ತಾ ನಿಂತಿದೆ."

ಅವನು ತಲೆ ಬಗ್ಗಿಸಿದ. ಬೂಟು ಇದ್ದಿರಬೇಕಾದ ಕಡೆ ಮಸಿ ಇತ್ತು.

ಸಂಜೆ, ಇನ್ನೂ ಬೆಳಕಿರುವಾಗಲೇ, ಊಟದ ಕೋಣೆಯ ಉದ್ದ ಮೇಜಿನ ಸುತ್ತ ನಾಲ್ವರೂ ಕೂತರು. ಆಲೂಗಡ್ಡೆಯ ಸೂಪು ಒಳಗೆ ಕುದಿಯುವ ವಾಸನೆ. ಎಲಿಸೆಯೊ ಟೋಪಿ ತೆಗೆದಿಟ್ಟು, ಪಟ್ಟಿಯ ಹಾಳೆಯನ್ನು ಮುಂದೆ ಹಿಡಿದು ಓದತೊಡಗಿದ. ಓದುತ್ತಿರಲಿಲ್ಲ, ಅಚ್ಚಾದ ಹೆಸರುಗಳ ಅನುಕ್ರಮ ಅವನಿಗೆ ಜಪಮಾಲೆಯಷ್ಟು ಬಾಯಿಪಾಠ. ಇನ್ನೊಂದು ಪ್ರತಿಯಲ್ಲಿ ಗುರುತು ಹಾಕುವ ಕೆಲಸವನ್ನು ದಂತವೈದ್ಯನ ಹೆಂಡತಿಗೆ ಗೌರವದ ಹೆಸರಿನಲ್ಲಿ ಒಪ್ಪಿಸಿದ್ದ. ಕಾಡುಕೋಳಿ, ಪಾರಿವಾಳ, ಕೆಂಪುತಲೆಯ ಮರಕುಟಿಗ: ಕಂಡೆ, ಕಂಡೆ, ಕೇಳಿದೆ, ಕಂಡೆ, ಗೈಡು, ಕಂಡದ್ದು. ಬಾಯಿ ಸಲೀಸಾಗಿ ಹೇಳಿಕೊಂಡು ಹೋಯಿತು. ಗ್ರಾಲಾರಿಯದ ಹೆಸರು ಬಂತು. "ಕಂಡೆ," ಎಂದರು ನಾಲ್ವರೂ ಒಬ್ಬರಾದ ಮೇಲೊಬ್ಬರು, ಹಿರಿಯಕ್ಕ ಕೊನೆಗೆ, "ಕಂಡೆ, ದೇವರಿಗೆ ಸ್ತೋತ್ರ," ಎಂದಳು. ಗೈಡಿನ ಸಾಲು. ಅವನ ಬಾಯಿ ತೆರೆದೇ ಇತ್ತು. ಬೂಟಿನ ಬಳಿ ನಿಂತು ತನ್ನ ಮುಖ ನೋಡುತ್ತಿದ್ದದ್ದು ಅವನಿಗೆ ನೆನಪಾಗಬೇಕಾಗಿತ್ತು. ನೆನಪಾಗಲು ಏನೂ ಇರಲಿಲ್ಲ.

"ಇಲ್ಲ," ಎಂದ. "ಗೈಡಿಗೆ ಕಾಣ್ಲಿಲ್ಲ."

ಮೇಜು ಅದುರುವ ಹಾಗೆ ನಗು. "ಚೆನ್ನಾಗಿದೆ," ಎಂದು ದಂತವೈದ್ಯ ಕಣ್ಣೊರೆಸಿಕೊಂಡ. "ಗೈಡಿಗೆ ಮಾತ್ರ ಕಂಡದ್ದು ಕೇಳಿದ್ವಿ. ಇದು ಗೈಡಿಗೆ ಮಾತ್ರ ಕಾಣದೇ ಇದ್ದದ್ದು. ಬರಿ, ಬರಿ, ಹಾಗೇ ಬರಿ."

ಎಲಿಸೆಯೊನೂ ನಗಲು ತುಟಿಯನ್ನು ಸಿದ್ಧ ಮಾಡಿಕೊಂಡ. ಇಷ್ಟು ವರ್ಷಗಳಲ್ಲಿ ಆ ಪಟ್ಟಿಯ ಮುಂದೆ ಬಹಳ ಕಷ್ಟಪಟ್ಟು ಹೇಳಿದ ಒಂದು ನಿಜ ತಮಾಷೆಯಾಗಿ ಮುಗಿದುಹೋಗಿತ್ತು, ಮತ್ತು ಅದನ್ನು ಹಾಗೆಯೇ ಬಿಟ್ಟರೆ ನಾಳೆಯೂ ಗುಂಪು, ನಾಡಿದ್ದೂ ಗುಂಪು. ಆಗ ಅಡಿಗೆಮನೆಯ ಬಾಗಿಲಲ್ಲಿ ಸೂಪಿನ ಪಾತ್ರೆ ಹಿಡಿದು ನಿಂತಿದ್ದ ನಿಯೆವೆಸ್ ಬಂದು ಪಾತ್ರೆಯನ್ನು ಮೇಜಿನ ಮೇಲೆ ಇಟ್ಟಳು. ಅವನ ಕೈಯಿಂದ ಹಾಳೆಯನ್ನು ತೆಗೆದುಕೊಂಡಳು. ತಲೆಕೆಳಗಾಗಿತ್ತೇನೋ, ಒಮ್ಮೆ ತಿರುಗಿಸಿದ ಸದ್ದಾಯಿತು. ನಿಂತೇ ಓದತೊಡಗಿದಳು, ಹಕ್ಕಿಗಳ ಹೆಸರು ಸರಿಯಾಗಿ ಉಚ್ಚರಿಸಲು ಬಾರದವಳು, ತಡವರಿಸುತ್ತ.

"ಹಲಗೆಕೊಕ್ಕಿನ ಟೂಕನ್."

"ಕಂಡೆ." "ಕಂಡೆ." "ಕಂಡೆ." "ಕಂಡೆ."

"ಗೈಡು?" ಎಂದಳು. ಅವನ ಕಡೆ ತಿರುಗಿದ್ದಳೆಂದು ದನಿಯಿಂದ ತಿಳಿಯಿತು.

"ಕೇಳಿದೆ."

"ನೇರಳೆ ಕೊರಳಿನ ಝೇಂಕಾರದ ಹಕ್ಕಿ."

"ಕಂಡೆ." "ಕಂಡೆ." "ಇಲ್ಲ." "ಕಂಡೆ."

"ಗೈಡು?"

"ರೆಕ್ಕೆ ಸದ್ದು ಕೇಳಿದೆ."

ಯಾರೋ ಇನ್ನೂ ನಗುತ್ತಿದ್ದರು, ಒಂಟಿಯಾಗಿ, ಅದು ದಂತವೈದ್ಯ. ಹಿರಿಯಕ್ಕ ಅವನ ತೋಳನ್ನು ಒತ್ತಿದಳೋ ಏನೋ, ಅದೂ ನಿಂತಿತು.

"ಕವಲುಬಾಲದ ಗಿಡುಗ."

ಅದು ಆಕಾಶದಲ್ಲಿ ಬಹಳ ಎತ್ತರದಲ್ಲಿ, ದನಿಯೇ ಇಲ್ಲದೆ, ಬಿಳಿಯಾಗಿ ತೇಲಿಹೋಗಿತ್ತು, ನಾಲ್ವರೂ ಕತ್ತೆತ್ತಿ ಆಹಾ ಎಂದಿದ್ದರು, ಅವನೂ ಕತ್ತೆತ್ತಿದ್ದ. "ಕಂಡೆ," ಎಂದರು ನಾಲ್ವರೂ, ತೀರ ಮೆಲ್ಲಗೆ, ಅಪರಾಧ ಒಪ್ಪಿಕೊಳ್ಳುವವರಂತೆ.

"ಗೈಡು?"

"ಇಲ್ಲ."

ಸೂಪು ಆರುತ್ತಿತ್ತು. ಅವಳು ಪಟ್ಟಿಯನ್ನು ಎಲ್ಲಿಯೂ ಹಾರಿಸಲಿಲ್ಲ. ಪ್ರತಿ ಹೆಸರಿಗೂ ಗೈಡು ಎಂದು ಕೇಳಿದಳು; ಕೋಪದಲ್ಲಿ ಆರಂಭವಾದ ಆ ಪ್ರಶ್ನೆ ಎಲ್ಲೋ ನಡುವೆ ಕೋಪವನ್ನು ಕಳೆದುಕೊಂಡು, ಕೊನೆಕೊನೆಗೆ ಬರಿಯ ಪ್ರಶ್ನೆಯಾಗಿ ಉಳಿದಿತ್ತು. ಕೇಳಿದೆ, ಕೇಳಿದೆ, ಇಲ್ಲ, ಕೇಳಿದೆ. ಅವನ ಕೈಗಳು ಮಡಿಲಿನಲ್ಲಿ ಚಿಕ್ಕ ದುರ್ಬೀನನ್ನು ಮಡಿಸುತ್ತಲೂ ಬಿಡಿಸುತ್ತಲೂ ಇದ್ದವು. ಹಾಳೆ ಮುಗಿಯಿತು. ನಾಲ್ವರೂ ಚಮಚಗಳಿಗೆ ಕೈ ಚಾಚಿದರು. ನಿಯೆವೆಸ್ ಕೂರಲಿಲ್ಲ. ಅವಳು ಗೋಡೆಯ ಕಡೆಗೆ, ಚೌಕಟ್ಟಿನೊಳಗಿನ ಪತ್ರದ ಕಡೆಗೆ ತಿರುಗಿದ್ದಳು. ಅವಳ ದನಿ ಈಗ ಆ ಕಡೆಯಿಂದ ಬಂತು.

"ಕೊಡೆಹಕ್ಕಿ."

"ಅದು ಇವತ್ತು ಸಿಗ್ಲಿಲ್ವಲ್ಲ," ಎಂದಳು ಗುರುತು ಹಾಕುತ್ತಿದ್ದ ಹೆಂಗಸು, ಪೆನ್ನು ಎತ್ತಿಕೊಂಡು, ಗೊಂದಲದಿಂದ. "ಎಲ್ಲಿ ಬರೀಲಿ?"

ನಿಯೆವೆಸ್ ಚೌಕಟ್ಟಿನ ಗಾಜನ್ನು ಬೆರಳಿನಿಂದ ತಟ್ಟಿದಳು. "ಗೈಡು?" ಎಂದಳು.

ದೂರದಲ್ಲಿ, ಮಂಜಿನ ಆಚೆ, ಅಥವಾ ಅವನ ಕಿವಿಯೊಳಗೇ, ಹಸುವೊಂದು ಕರುವನ್ನು ನೆನೆಯುತ್ತಿತ್ತು.

"ಕೇಳಿದೆ," ಎಂದ ಎಲಿಸೆಯೊ. "ಕೇಳಿದೆ ಅಷ್ಟೇ, ಮಗಳೇ."

ಪೆನ್ನು ಹಾಳೆಯ ಮೇಲೆ ಜಾಗ ಹುಡುಕಿ, ಸಿಗದೆ, ಮೇಜಿನ ಮೇಲೆ ಮಲಗಿತು.